ಓದಲು ತಡವರಿಸುವ ಮಗುವನ್ನು ‘ದಡ್ಡ’ ಎನ್ನುವ ಮುನ್ನ

ಜೂನ್ ಬಂತೆಂದರೆ ನಮ್ಮ ಕೊಡಗಿನ ತಾಯಂದಿರಿಗೆ ಎರಡು ಚಿಂತೆ. ಒಂದು, ಒಣಗದ ಯೂನಿಫಾರಂ. ಇನ್ನೊಂದು, ಮಕ್ಕಳ ಓದು. ಯೂನಿಫಾರಂ ಆದರೆ ಒಲೆಯ ಹತ್ತಿರ ಹಗ್ಗ ಕಟ್ಟಿ ಹೇಗೋ ಒಣಗಿಸಬಹುದು. ಮೂರನೆಯ, ನಾಲ್ಕನೆಯ ಕ್ಲಾಸಿಗೆ ಬಂದರೂ ಪಾಠದ ಒಂದು ಸಾಲು ಓದಲು ಬೆವರುವ ಮಗುವನ್ನು ಏನು ಮಾಡುವುದು?

“ಬಾಯಲ್ಲಿ ಕೇಳಿದ್ರೆ ಎಲ್ಲ ಹೇಳ್ತಾನೆ, ಬರೆಯೋಕೆ ಕೂತ್ರೆ ಏನೂ ಇಲ್ಲ.” “ನಿನ್ನೆ ಓದಿದ ಪದ ಇವತ್ತು ಗೊತ್ತಿಲ್ಲ ಅಂತಾಳೆ.” “ಇವನ ಅಕ್ಕ ಹೀಗಿರಲಿಲ್ಲಪ್ಪ.” ಮದುವೆ ಮನೆಯಲ್ಲಿ, ಮಹಿಳಾ ಸಮಾಜದಲ್ಲಿ, ಸಂತೆಯ ದಿನ ಬಸ್ ಕಾಯುವಾಗ ಈ ಮಾತುಗಳನ್ನು ನಾವೆಲ್ಲ ಕೇಳಿದ್ದೇವೆ. ಕೇಳಿದ ಮೇಲೆ ನಾಲ್ಕು ಜನ ನಾಲ್ಕು ಮದ್ದು ಹೇಳುತ್ತಾರೆ. ಎರಡು ಏಟು ಹಾಕಿ ಅನ್ನುವವರು ಒಬ್ಬರು, ಟ್ಯೂಷನ್ನಿಗೆ ಕಳಿಸಿ ಅನ್ನುವವರು ಇನ್ನೊಬ್ಬರು, ಜ್ಞಾಪಕಶಕ್ತಿಯ ಟಾನಿಕ್ ಕೊಡಿ ಅನ್ನುವವರು ಮತ್ತೊಬ್ಬರು. ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ಅದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ.

ಏನಿದು ಡಿಸ್ಲೆಕ್ಸಿಯಾ?

ಈ ಪದವನ್ನು ಮೊದಲು ಬಳಸಿದವರು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಹದಿನಾಲ್ಕು ವರ್ಷದ ಒಬ್ಬ ಹುಡುಗನ ಬಗ್ಗೆ ವೈದ್ಯ ಪತ್ರಿಕೆಯಲ್ಲಿ ಬರೆದರು. ಹುಡುಗ ಚುರುಕು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಸಣ್ಣ ಸಣ್ಣ ಪದಗಳನ್ನೂ ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ಇಷ್ಟು ವರ್ಷದ ಹಿಂದೆ ಅಷ್ಟು ದೂರದಲ್ಲಿ ಹೇಳಿದ ಮಾತು, ನಮ್ಮ ಊರಿನ ಮಕ್ಕಳಿಗೂ ಸರಿಹೊಂದುತ್ತದೆ ಅಲ್ಲವೇ?

ಸರಳವಾಗಿ ಹೇಳಬೇಕೆಂದರೆ, ಮಾತಿನೊಳಗಿನ ಸದ್ದುಗಳನ್ನು ಬಿಡಿಸಿ, ಆ ಸದ್ದಿಗೆ ಈ ಅಕ್ಷರ ಎಂದು ಜೋಡಿಸುವ ಕೆಲಸ ಈ ಮಕ್ಕಳ ಮಿದುಳಿಗೆ ಕಷ್ಟ. ಬೇರೆ ಮಕ್ಕಳಿಗೆ ಹತ್ತು ಸಲ ಮಾಡಿದರೆ ಬರುವುದು ಇವರಿಗೆ ನೂರು ಸಲ ಬೇಕು. ಬುದ್ಧಿ ಮಾತ್ರ ಎಲ್ಲರ ಹಾಗೇ ಇರುತ್ತದೆ, ಕೆಲವರಲ್ಲಿ ಒಂದು ಕೈ ಮೇಲೇ ಇರುತ್ತದೆ. ಇದು ಹುಟ್ಟಿನಿಂದ ಬರುವಂಥದು. ಎಷ್ಟೋ ಸಲ ವಂಶದಲ್ಲೇ ಇರುತ್ತದೆ. ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಂದಿಗೆ ಇರಬಹುದೆಂದು ತಿಳಿದವರ ಅಂದಾಜು. ಅಂದರೆ ಸಾಧಾರಣ ಎಲ್ಲ ಕ್ಲಾಸಿನಲ್ಲೂ ಒಂದಿಬ್ಬರು ಇದ್ದೇ ಇರುತ್ತಾರೆ. 2007ರಲ್ಲಿ ಬಂದ ಅಮೀರ್ ಖಾನರ ‘ತಾರೇ ಜಮೀನ್ ಪರ್’ ಸಿನಿಮಾ ನೋಡಿದವರಿಗೆ ಆ ಪುಟ್ಟ ಹುಡುಗ ನೆನಪಿರಬಹುದು.

ನಮ್ಮ ಮನೆಯಲ್ಲೇ ಕಂಡದ್ದು

ನನ್ನ ಓರಗಿತ್ತಿಯ ಮಗ ಮೂರನೆಯ ಕ್ಲಾಸಿನಲ್ಲಿದ್ದಾಗ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರಿಗೆ ತೋರಿಸಿದರೆ ಏನೂ ಇಲ್ಲ. ಆಮೇಲೆ ವಿಚಾರಿಸಿದಾಗ ತಿಳಿಯಿತು, ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಒಬ್ಬೊಬ್ಬರೇ ನಿಂತು ಗಟ್ಟಿಯಾಗಿ ಓದಬೇಕು. ಇವನ ಸರದಿ ಬಂದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಅದೇ ಹುಡುಗ ಮನೆಯಲ್ಲಿ ಪಂಪ್‌ಸೆಟ್ ಬಿಚ್ಚಿ ಜೋಡಿಸುವಾಗ ಅಪ್ಪನ ಪಕ್ಕ ಕೂತು ಯಾವ ಬೋಲ್ಟು ಎಲ್ಲಿಗೆ ಎಂದು ಹೇಳುತ್ತಿದ್ದ. ಕಾಫಿ ಕೊಯ್ಲಿನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದ.

ಮನೆಯಲ್ಲಿ ಮಾತು ಎಲ್ಲಿಗೆ ಬಂದಿತ್ತೆಂದರೆ, “ಏಳನೆಯ ಕ್ಲಾಸು ಮುಗಿಸಲಿ ಸಾಕು, ಆಮೇಲೆ ತೋಟ ನೋಡ್ಕೊಳ್ಳಲಿ” ಎಂದು ಅವನ ದೊಡ್ಡಪ್ಪಂದಿರು ತೀರ್ಮಾನವನ್ನೇ ಮಾಡಿಬಿಟ್ಟಿದ್ದರು. ತೋಟ ನೋಡುವುದು ಕೀಳು ಕೆಲಸವಲ್ಲ. ಆದರೆ ಹತ್ತು ವರ್ಷದ ಮಗುವಿಗೆ “ನಿನ್ನ ಕೈಲಿ ಬೇರೇನೂ ಆಗೋಲ್ಲ” ಎಂದು ಹೇಳಿ ತೋಟಕ್ಕೆ ಕಳಿಸುವುದು ಬೇರೆ ಮಾತು. ಮುಂದಿನ ವರ್ಷ ಬಂದ ಟೀಚರ್ ಒಬ್ಬರು ಇವನ ನೋಟ್‌ಬುಕ್ ಬಿಡಿಸಿ ನೋಡಿ, “ಇವನು ಸೋಮಾರಿ ಅಲ್ಲ, ಒಂದ್ಸಲ ಮೈಸೂರಿಗೆ ಕರ್ಕೊಂಡು ಹೋಗಿ ತೋರಿಸಿ” ಎಂದರು. ಅಲ್ಲಿಂದ ದಾರಿ ಬದಲಾಯಿತು. ಈಗ ಅವನು ಒಂಬತ್ತನೆಯ ಕ್ಲಾಸು. ಇವತ್ತಿಗೂ ನಿಧಾನವಾಗಿಯೇ ಓದುತ್ತಾನೆ, ಕಾಗುಣಿತದ ತಪ್ಪು ಮಾಡುತ್ತಾನೆ. ಸೋಮವಾರದ ಹೊಟ್ಟೆನೋವು ಮಾತ್ರ ಇಲ್ಲ.

ಗುರುತಿಸುವುದು ಹೇಗೆ?

ಶಾಲೆಗೆ ಸೇರುವ ಮೊದಲು: ಮಾತು ತಡವಾಗಿ ಬರುವುದು, ಪ್ರಾಸದ ಹಾಡುಗಳು ಬಾಯಿಗೆ ಹತ್ತದಿರುವುದು, ವಾರದ ದಿನಗಳ ಹೆಸರು ಹಿಂದುಮುಂದಾಗುವುದು.

ಒಂದು, ಎರಡನೆಯ ಕ್ಲಾಸಿನಲ್ಲಿ: ಕಲಿತ ಅಕ್ಷರ ಮತ್ತೆ ಮತ್ತೆ ಮರೆಯುವುದು, ಮೊದಲಕ್ಷರ ನೋಡಿ ಉಳಿದ ಪದವನ್ನು ಊಹಿಸಿ ಹೇಳುವುದು, ಚಿತ್ರ ನೋಡಿ ಕತೆ ಕಟ್ಟಿ ಓದಿದ ಹಾಗೆ ನಟಿಸುವುದು.

ಮೂರನೆಯ ಕ್ಲಾಸಿನ ನಂತರ: ಸಾಲು ತಪ್ಪಿಸುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಲ್ಲಿ ಬರೆಯುವುದು, ಬೋರ್ಡಿನಿಂದ ಇಳಿಸಿಕೊಳ್ಳುವುದರಲ್ಲಿ ಎಲ್ಲರಿಗಿಂತ ಹಿಂದೆ, ಓದಿ ಮುಗಿಸುವಷ್ಟರಲ್ಲಿ ಅರ್ಥವೇ ಕೈಬಿಟ್ಟಿರುವುದು.

ಇವುಗಳಲ್ಲಿ ಒಂದೆರಡು ಕಂಡ ಕೂಡಲೇ ಗಾಬರಿ ಬೇಡ. ಆರೇಳು ವರ್ಷದವರೆಗೆ ಎಷ್ಟೋ ಮಕ್ಕಳು ಅಕ್ಷರಗಳನ್ನು ತಿರುವುಮುರುವು ಬರೆಯುತ್ತಾರೆ, ತಾನಾಗಿಯೇ ಸರಿಹೋಗುತ್ತದೆ. ಚೆನ್ನಾಗಿ ಕಲಿಸಿದರೂ, ಶಾಲೆ ತಪ್ಪಿಸದಿದ್ದರೂ ಈ ಕಷ್ಟಗಳು ಹಲವು ಒಟ್ಟಿಗೆ ಇದ್ದು, ವರ್ಷ ಕಳೆದರೂ ಹೋಗದಿದ್ದರೆ ವಿಚಾರಿಸಬೇಕು. ಎಲ್ಲಕ್ಕೂ ಮೊದಲು ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ.

ಹೆಣ್ಣು ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಗಂಡು ಹುಡುಗ ಕ್ಲಾಸಿನಲ್ಲಿ ಗಲಾಟೆ ಮಾಡಿ ಟೀಚರ ಕಣ್ಣಿಗೆ ಬೀಳುತ್ತಾನೆ. ಹುಡುಗಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು, ಪಕ್ಕದವಳ ಪುಸ್ತಕ ನೋಡಿ ಅಂದವಾಗಿ ಇಳಿಸಿಕೊಳ್ಳುತ್ತಾಳೆ. “ಮುದ್ದಾದ ಅಕ್ಷರ” ಎಂದು ಹೊಗಳುತ್ತೇವೆ, ಬರೆದದ್ದನ್ನು ಓದಲು ಬರುತ್ತದೆಯೇ ಎಂದು ಕೇಳುವುದಿಲ್ಲ.

ಮನೆಮಾತು ಬೇರೆ, ಶಾಲೆಯ ಮಾತು ಬೇರೆ

ನಮ್ಮ ಕೊಡಗಿನಲ್ಲಿ ಇದನ್ನು ಗುರುತಿಸುವುದು ಸ್ವಲ್ಪ ಜಟಿಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಲೈನ್‌ಮನೆಗಳಲ್ಲಿ ತಮಿಳು, ಹಾಡಿಗಳಲ್ಲಿ ಯರವ, ಜೇನುಕುರುಬ ಮಾತು. ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮಕ್ಕಳ ಮನೆಮಾತು ನಾಲ್ಕು. ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್.

ಕೊಡವ ತಕ್ಕ್‌ನಲ್ಲಿ ‘ನರಿ’ ಎಂದರೆ ಹುಲಿ. ನರಿ ಮಂಗಲ ಎಂದು ಹುಲಿ ಕೊಂದವನಿಗೆ ಮದುವೆಯ ಹಾಗೆ ಶಾಸ್ತ್ರ ಮಾಡುತ್ತಿದ್ದುದು ಹಿರಿಯರಿಗೆ ಗೊತ್ತು. ಆ ಮನೆಯಿಂದ ಬಂದ ಮಗು ಹುಲಿಯ ಚಿತ್ರಕ್ಕೆ ನರಿ ಎಂದರೆ, ‘ಹಾಲು’ ಬರೆಯುವಲ್ಲಿ ‘ಪಾಲು’ ಎಂದು ಬರೆದರೆ ಅದು ಡಿಸ್ಲೆಕ್ಸಿಯಾ ಅಲ್ಲ. ಮನೆಮಾತಿನಲ್ಲಿ ಮಹಾಪ್ರಾಣದ ಬಳಕೆಯೇ ಕಡಿಮೆ ಇದ್ದಾಗ ‘ಧನ’ಕ್ಕೂ ‘ದನ’ಕ್ಕೂ ವ್ಯತ್ಯಾಸ ತಿಳಿಯದಿರುವುದೂ ಸಹಜವೇ. ಕೊಯ್ಲಿನ ಕೆಲಸಕ್ಕೆಂದು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮನೆಗಳ ಮಕ್ಕಳು ಶಾಲೆ ತಪ್ಪಿಸಿಕೊಂಡು ಹಿಂದೆ ಬೀಳುತ್ತಾರೆ. ಅವರಿಗೂ ಈ ಹಣೆಪಟ್ಟಿ ಅಂಟಿಸಬಾರದು.

ಹಾಗಾದರೆ ವ್ಯತ್ಯಾಸ ತಿಳಿಯುವುದು ಹೇಗೆ? ಮನೆಮಾತಿನಲ್ಲೇ ಬಾಯಿಮಾತಿನ ಆಟ ಆಡಿಸಿ ನೋಡಿ. ಪದದ ಮೊದಲ ಸದ್ದು ಯಾವುದು, ಪ್ರಾಸ ಕೂಡುವ ಪದ ಯಾವುದು ಎಂದು ಕೇಳಿ. ಮನೆಮಾತಿನಲ್ಲೂ ಮಗು ತಡವರಿಸಿದರೆ, ಅದೇ ಮನೆಯ ಅಕ್ಕ ತಮ್ಮಂದಿರು ಓದು ಕಲಿತು ಇದೊಂದೇ ಮಗು ಹಿಂದೆ ಉಳಿದಿದ್ದರೆ, ಆಗ ಯೋಚಿಸಬೇಕು. “ಮನೇಲಿ ಕನ್ನಡ ಇಲ್ವಲ್ಲ, ಅದಕ್ಕೇ” ಎಂದು ವರ್ಷಗಟ್ಟಲೆ ಮುಂದೂಡಲೂಬಾರದು.

ಕನ್ನಡ ಲಿಪಿಯ ತೊಡಕು

ಕನ್ನಡದಲ್ಲಿ ಒಂದು ಅನುಕೂಲವಿದೆ, ಬರೆದದ್ದನ್ನು ಬರೆದ ಹಾಗೇ ಓದಬಹುದು. ಇಂಗ್ಲಿಷಿನಲ್ಲಿ ‘ಬಟ್’, ‘ಪುಟ್’ ಎರಡಕ್ಕೂ ಮೊದಲಕ್ಷರ ಬಿಟ್ಟರೆ ಉಳಿದದ್ದು ಒಂದೇ ಸ್ಪೆಲಿಂಗು, ಉಚ್ಚಾರ ಮಾತ್ರ ಬೇರೆ. ಈ ಮಕ್ಕಳಿಗೆ ಇದು ದೊಡ್ಡ ಗೋಡೆ. ಕನ್ನಡದಲ್ಲಿ ಹೇಗೋ ಈಜುತ್ತಿದ್ದ ಮಗುವನ್ನು ಅವಸರದಲ್ಲಿ ಇಂಗ್ಲಿಷ್ ಮೀಡಿಯಂಗೆ ಹಾಕುವ ಮುಂಚೆ ಯೋಚಿಸಿ.

ಆದರೆ ನಮ್ಮ ಲಿಪಿಯಲ್ಲಿ ಕಲಿಯಬೇಕಾದ್ದು ಬಹಳ. ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು, ಮೇಲೆ ಒತ್ತಕ್ಷರ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯಾವ ತೊಂದರೆಯೂ ಇಲ್ಲದ ಮಕ್ಕಳು ಕೂಡ ಅಕ್ಷರಗಳನ್ನು ಪೂರ್ತಿ ಕಲಿಯಲು ನಾಲ್ಕನೆಯ ಕ್ಲಾಸಿನವರೆಗೆ ಹೆಣಗುತ್ತಾರೆ ಎಂದು ಅದರಿಂದ ತಿಳಿದುಬಂತು. ಹಾಗಿದ್ದ ಮೇಲೆ ಒಂದನೆಯ ಕ್ಲಾಸಿನಲ್ಲೇ ಎಲ್ಲ ಬರಬೇಕೆಂದು ಹಟ ಹಿಡಿಯುವುದು ಯಾವ ಮಗುವಿಗೂ ನ್ಯಾಯವಲ್ಲ.

ತೊಡಕು ಎಲ್ಲೆಲ್ಲಿ ಬರುತ್ತದೆ ನೋಡಿ. ‘ದ’–‘ಧ’, ‘ಪ’–‘ಷ’, ‘ವ’–‘ಮ’, ‘ಫ’–‘ಘ’ ನೋಡಲು ಅಕ್ಕತಂಗಿಯರ ಹಾಗೆ. ‘ಕಿ’–‘ಕೀ’, ‘ಕೆ’–‘ಕೇ’ ಹ್ರಸ್ವ ದೀರ್ಘದ ಗೊಂದಲ. ‘ಅಮ್ಮ’ ಎಂಬಲ್ಲಿ ಒತ್ತು ಬಿಟ್ಟು ‘ಅಮ’. ಇವಕ್ಕಿಂತ ಕಷ್ಟ ಅರ್ಕಾವತ್ತು. ‘ಸೂರ್ಯ’ ಎನ್ನುವಾಗ ನಾಲಿಗೆಗೆ ಮೊದಲು ಬರುವುದು ‘ರ್’, ಆಮೇಲೆ ‘ಯ’. ಬರೆಯುವಾಗ ಮೊದಲು ‘ಯ’, ಆಮೇಲೆ ಅರ್ಕಾವತ್ತಿನ ಗುರುತು. ಮಗು ಅಲ್ಲಿ ತಪ್ಪಿದರೆ ಅಜಾಗರೂಕತೆ ಎಂದು ಬೈಯಬೇಡಿ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಮಗು ಏನು ಮಾಡಬೇಕು?

ಕ್ಲಾಸಿನಲ್ಲಿ ಏನು ಮಾಡಬಹುದು?

ಡಿಸ್ಲೆಕ್ಸಿಯಾ ಇರುವ ಮಗುವನ್ನು ಬೇರೆ ಶಾಲೆಗೆ ಹಾಕಬೇಕಾಗಿಲ್ಲ. ವಿಶೇಷ ಶಾಲೆಗಳು ಬೇರೆ ಅಗತ್ಯವಿರುವ ಮಕ್ಕಳಿಗೆ. ಈ ಮಗುವಿನ ಜಾಗ ಎಲ್ಲರ ಜೊತೆ ಮಾಮೂಲಿ ಕ್ಲಾಸಿನಲ್ಲೇ. ಅದಕ್ಕೆ ದುಡ್ಡು ಖರ್ಚಿಲ್ಲದ ಕೆಲವು ಅನುಕೂಲ ಮಾಡಿಕೊಟ್ಟರೆ ಸಾಕು.

ಮುಂದಿನ ಬೆಂಚಿನಲ್ಲಿ ಕೂರಿಸುವುದು. ಏಕಾಏಕಿ ಎಬ್ಬಿಸಿ ಗಟ್ಟಿಯಾಗಿ ಓದಿಸದಿರುವುದು, ಓದಿಸಲೇಬೇಕಾದರೆ ನಾಲ್ಕು ಸಾಲನ್ನು ಹಿಂದಿನ ದಿನವೇ ಹೇಳಿ ಕಳಿಸುವುದು. ಓದುವ ಸಾಲಿನ ಕೆಳಗೆ ರಟ್ಟಿನ ಪಟ್ಟಿ ಇಟ್ಟುಕೊಳ್ಳಲು ಬಿಡುವುದು. ಬೋರ್ಡಿನ ತುಂಬ ಬರೆದು ಇಳಿಸಿಕೋ ಎನ್ನುವ ಬದಲು ಮುಖ್ಯವಾದ ಎರಡು ಸಾಲು ಮಾತ್ರ ಬರೆಸುವುದು. ವಿಜ್ಞಾನ, ಸಮಾಜ ಪಾಠಗಳಲ್ಲಿ ಉತ್ತರವನ್ನು ಬಾಯಲ್ಲಿ ಕೇಳಿ ಮಾರ್ಕ್ಸ್ ಕೊಡುವುದು. ಪುಟದ ತುಂಬ ಕೆಂಪು ಗೆರೆ ಎಳೆಯದೆ ದಿನಕ್ಕೆ ಒಂದೇ ಬಗೆಯ ತಪ್ಪು ತಿದ್ದುವುದು. ಚೆನ್ನಾಗಿ ಓದುವ, ಒಳ್ಳೆ ಮನಸ್ಸಿನ ಒಬ್ಬ ಗೆಳೆಯನನ್ನು ಜೊತೆಗೆ ಕೂರಿಸುವುದು.

ನಮ್ಮ ಸರ್ಕಾರಿ ಶಾಲೆಗಳ ‘ನಲಿಕಲಿ’ಯಲ್ಲಿ ಈ ಮಕ್ಕಳಿಗೆ ಒದಗುವ ಒಳ್ಳೆಯ ಅಂಶಗಳಿವೆ. ಅದು 1995ರಲ್ಲಿ ಶುರುವಾದದ್ದು ನಮ್ಮ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ. ಅದರಲ್ಲಿ ಅ ಆ ಇ ಈ ಎಂದು ಉದ್ದಕ್ಕೆ ಬಾಯಿಪಾಠವಿಲ್ಲ. ರ, ಗ, ಸ, ದ, ಅ ಹೀಗೆ ನಾಲ್ಕೈದು ಅಕ್ಷರ ಕಲಿತ ಕೂಡಲೇ ಸರ, ಅಗಸ, ಗರಗಸ ಎಂದು ಪದ ಓದಬಹುದು. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ತನ್ನ ವೇಗದಲ್ಲಿ ಹತ್ತುತ್ತದೆ. ಹತ್ತು ಹನ್ನೆರಡು ಮಕ್ಕಳಿರುವ ಸಣ್ಣ ಶಾಲೆಗಳು ನಮ್ಮ ಕಡೆ ಬಹಳ. ಮಕ್ಕಳು ಕಡಿಮೆ ಎಂದು ಕೊರಗುತ್ತೇವೆ, ಆದರೆ ಇಂಥ ಮಗುವಿಗೆ ಅಲ್ಲಿ ಸಿಗುವ ಗಮನ ಐವತ್ತು ಮಕ್ಕಳ ಕ್ಲಾಸಿನಲ್ಲಿ ಸಿಗುವುದಿಲ್ಲ.

ಇನ್ನು ಹೊಡೆತ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಕ್ಕಳನ್ನು ಹೊಡೆಯುವುದೂ, ಮನಸ್ಸು ನೋಯುವಂತೆ ಹಿಂಸಿಸುವುದೂ ನಿಷೇಧ. ಮನೆಯಲ್ಲಿ ಹೊಡೆಯುವುದರಿಂದಲೂ ಓದು ಬಾರದು ಎಂಬುದನ್ನು ನಾವೂ ನೆನಪಿಡಬೇಕು.

ಟೀಚರ ಹತ್ತಿರ ಜಗಳಕ್ಕೆ ಹೋಗುವವರ ಹಾಗೆ ಹೋಗಬೇಡಿ. ಮಗುವಿನ ನೋಟ್‌ಬುಕ್, ಕಣ್ಣು ಕಿವಿ ಪರೀಕ್ಷೆಯ ಚೀಟಿ, ಮನೆಯಲ್ಲಿ ನೀವು ಗಮನಿಸಿದ್ದನ್ನು ಬರೆದ ಒಂದು ಹಾಳೆ, ಇಷ್ಟು ತೆಗೆದುಕೊಂಡು ಶಾಲೆ ಬಿಟ್ಟ ಮೇಲೆ ಹೋಗಿ. “ಇವನ ವಿಷಯದಲ್ಲಿ ನೀವೇನು ಗಮನಿಸಿದ್ದೀರಿ ಮೇಡಂ?” ಎಂದು ಮೊದಲು ಅವರನ್ನು ಕೇಳಿ.

ಅಡುಗೆಮನೆಯಲ್ಲೇ ಪಾಠ

ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಆಗಬೇಕು. ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಒಟ್ಟಿಗೆ ಕೆಲಸ ಮಾಡುವಂತೆ ಕಲಿಸಬೇಕು. ಅಮೆರಿಕದ ವೈದ್ಯ ಸ್ಯಾಮ್ಯುಯಲ್ ಆರ್ಟನ್ ಮತ್ತು ಶಿಕ್ಷಕಿ ಆನಾ ಗಿಲ್ಲಿಂಗ್‌ಹ್ಯಾಂ ಹಾಕಿಕೊಟ್ಟ ಪದ್ಧತಿ ಇದು.

ಅಗಲವಾದ ತಟ್ಟೆಯಲ್ಲಿ ರಾಗಿ ಹಿಟ್ಟೋ ಕಡಂಬುಟ್ಟಿನ ಅಕ್ಕಿ ತರಿಯೋ ಹರಡಿ, ಮಗು ಬೆರಳಿನಲ್ಲಿ ‘ದ’ ಬರೆಯುತ್ತ ಬಾಯಲ್ಲಿ ‘ದ’ ಎನ್ನಲಿ. ಮೊರದ ಮೇಲೆ ಕಾಫಿ ಬೀಜ, ಹುಣಸೆ ಬೀಜ ಜೋಡಿಸಿ ಅಕ್ಷರ ಮಾಡಲಿ. ಒಂದು ವಾರಕ್ಕೆ ಎರಡು ಮೂರು ಅಕ್ಷರ ಸಾಕು. ‘ದ’ ಮತ್ತು ‘ಧ’ವನ್ನು ಒಂದೇ ದಿನ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಕೈಕೆಲಸದ ನಡುವೆ ಚಪ್ಪಾಳೆ ಆಟ ಆಡಿ. ಮ-ಡಿ-ಕೇ-ರಿ, ನಾಲ್ಕು ಚಪ್ಪಾಳೆ. ವಿ-ರಾ-ಜ-ಪೇ-ಟೆ, ಐದು. ‘ಅರಸ’ದಲ್ಲಿ ‘ಅ’ ತೆಗೆದರೆ ಏನುಳಿಯಿತು? ‘ರಸ’. ಇದಕ್ಕೆ ಪುಸ್ತಕ ಬೇಡ, ಪೆನ್ಸಿಲ್ ಬೇಡ, ಯಾವ ಮನೆಮಾತಿನಲ್ಲೂ ಆಡಬಹುದು.

ರಾತ್ರಿ ಪಾಠವನ್ನು ಮೊದಲು ನೀವು ಓದಿ, ಮಗು ಬೆರಳಿಟ್ಟು ಅನುಸರಿಸಲಿ. ಎರಡನೆಯ ಸಲ ಇಬ್ಬರೂ ಒಟ್ಟಿಗೆ. ಮೂರನೆಯ ಸಲ ಮಗು ಒಂದೆರಡು ಸಾಲು. ಪಾಠ ಬೇಸರವಾದ ದಿನ ಈ ಪತ್ರಿಕೆಯ ಅಡುಗೆ ಪುಟ ಕೊಟ್ಟು “ಏನೇನು ಬೇಕು ಓದಿ ಹೇಳು” ಎನ್ನಿ. ಸಕ್ಕರೆ, ತುಪ್ಪ, ಏಲಕ್ಕಿ ಎಂದು ಓದಿದ ಒತ್ತಕ್ಷರಕ್ಕೆ ಸಂಜೆ ತಿಂಡಿಯೂ ಸಿಕ್ಕರೆ ಬೇಡ ಅನ್ನುವ ಮಗುವಿಲ್ಲ.

ಡಿಸ್ಲೆಕ್ಸಿಯಾಕ್ಕೆ ಮಾತ್ರೆ ಇಲ್ಲ, ಟಾನಿಕ್ ಇಲ್ಲ. ಬಣ್ಣದ ಕನ್ನಡಕ, ಮೆದುಳಿನ ಪುಡಿ ಎಂದು ದುಡ್ಡು ಕೇಳುವವರಿಂದ ದೂರವಿರಿ. ಮಗುವಿಗೆ ಬರುವ ಕೆಲಸ, ಅದು ಹಾಕಿಯಿರಲಿ, ಚಿತ್ರವಿರಲಿ, ರಿಪೇರಿಯಿರಲಿ, “ಮಾರ್ಕ್ಸ್ ಬಂದ ಮೇಲೆ” ಎಂದು ಕಿತ್ತುಕೊಳ್ಳಬೇಡಿ. ದಿನದಲ್ಲಿ ಆ ಮಗು ತಲೆಯೆತ್ತಿ ನಿಲ್ಲುವುದು ಅದೊಂದೇ ಹೊತ್ತು ಇರಬಹುದು.

ಕಾನೂನು, ಪರೀಕ್ಷೆ, ಸರ್ಟಿಫಿಕೇಟು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದರ 21 ಬಗೆಯ ತೊಂದರೆಗಳ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾದಂಥ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಸೇರಿದೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, ಹದಿನಾಲ್ಕರಲ್ಲಿ ಮತ್ತು ಹದಿನೆಂಟರಲ್ಲಿ ಮತ್ತೆ ಪರೀಕ್ಷೆ ಎಂದು ಗೊತ್ತುಮಾಡಲಾಯಿತು. ಪರೀಕ್ಷೆಗೆ ಆರಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಯಾರಿಸಿದ ವಿಧಾನವನ್ನು. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯ, ಅಗತ್ಯವಿದ್ದರೆ ಬರೆದುಕೊಡುವವರ ಸಹಾಯ ಕೇಳಬಹುದು. ಪರೀಕ್ಷಾ ಮಂಡಳಿ ಬದಲಾದರೆ ನಿಯಮವೂ ಬದಲಾಗುತ್ತದೆ. ಆದ್ದರಿಂದ ಹತ್ತನೆಯ ಕ್ಲಾಸಿನವರೆಗೆ ಕಾಯದೆ ಎಂಟು ಒಂಬತ್ತನೆಯ ಕ್ಲಾಸಿನಲ್ಲೇ ಹೆಡ್‌ಮಾಸ್ಟರನ್ನು ಕೇಳಿ.

“ಹೆಣ್ಣು ಹುಡುಗಿಗೆ ಇಂಥ ಸರ್ಟಿಫಿಕೇಟು ಮಾಡಿಸಿದರೆ ನಾಳೆ ಮದುವೆಗೆ ತೊಂದರೆಯಾಗೋಲ್ವೆ?” ಎಂದು ಹಿಂಜರಿಯುವ ತಾಯಂದಿರಿದ್ದಾರೆ. ಅವರ ಭಯವನ್ನು ನಗೆಯಾಡುವಂತಿಲ್ಲ. ಆದರೆ ಎರಡು ಮಾತು. ಕ್ಲಾಸಿನಲ್ಲಿ ಮೇಲೆ ಹೇಳಿದ ಸಹಾಯ ಕೊಡಲು ಯಾವ ಸರ್ಟಿಫಿಕೇಟೂ ಬೇಡ, ಟೀಚರ ಮನಸ್ಸು ಸಾಕು. ಪರೀಕ್ಷೆಯ ರಿಯಾಯಿತಿಗೆ ಬೇಕಾದಾಗ ಕೊಡುವ ಕಾಗದ ಮನೆಗೂ ಶಾಲೆಗೂ ಮಂಡಳಿಗೂ ಸಂಬಂಧಿಸಿದ್ದು, ಊರಿಗೆಲ್ಲ ಸಾರುವಂಥದಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತ ಹುಡುಗಿಯ ಮುಂದಿನ ದಾರಿ ಎಷ್ಟು ಕಿರಿದಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಎಲ್ಲಿಗೆ ಹೋಗುವುದು?

ಮೊದಲು ಮಗುವಿನ ಟೀಚರು. ಆಮೇಲೆ ಬಿ.ಇ.ಓ. ಕಚೇರಿಗೆ ಸೇರಿದ ಕ್ಷೇತ್ರ ಸಂಪನ್ಮೂಲ ಕೇಂದ್ರ. ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು ಅಲ್ಲಿ ವಿಚಾರಿಸಬಹುದು. ಪ್ರಮಾಣಪತ್ರದ ಈಗಿನ ಕ್ರಮವನ್ನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಪೂರ್ತಿ ಪರೀಕ್ಷೆಗೆ ನಮಗೆ ಅನುಕೂಲ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕಿವಿಯ ಪರೀಕ್ಷೆಯೂ ಅಲ್ಲೇ ಆಗುತ್ತದೆ. ಬೆಂಗಳೂರಿಗೆ ಹೋಗಬಲ್ಲವರಿಗೆ ನಿಮ್ಹಾನ್ಸ್ ಇದೆ. ಒಂದೇ ದಿನದಲ್ಲಿ ಎಲ್ಲ ಮುಗಿಯದಿರಬಹುದು, ಉಳಿದುಕೊಳ್ಳುವ ಏರ್ಪಾಡು ಮಾಡಿಕೊಂಡೇ ಹೊರಡಿ. ಶಾಲೆಯ ನೋಟ್‌ಬುಕ್, ಹಳೆಯ ಮಾರ್ಕ್ಸ್ ಕಾರ್ಡು ಜೊತೆಯಲ್ಲಿರಲಿ.

ಕೊನೆಗೆ ಒಂದು ವಿಷಯ. ಇದು ವಂಶದಲ್ಲಿ ಬರುತ್ತದೆ ಎಂದೆನಲ್ಲ. ಈ ಲೇಖನ ಓದುತ್ತ ಕೆಲವರಿಗೆ ತಮ್ಮದೇ ಶಾಲೆಯ ದಿನ, ಇಲ್ಲವೇ ಬ್ಯಾಂಕಿನ ಫಾರಂ ಬಂದರೆ “ನೀನೇ ತುಂಬು” ಎಂದು ಮುಂದೆ ಸರಿಸುವ ಗಂಡ, ಅರ್ಧಕ್ಕೆ ಓದು ಬಿಟ್ಟ ಅಣ್ಣ ನೆನಪಾಗಬಹುದು. ಅದನ್ನು ಮಗುವಿಗೆ ಹೇಳಿ. “ನಂಗೂ ಚಿಕ್ಕಂದಿನಲ್ಲಿ ಅಕ್ಷರ ಹೀಗೇ ಓಡಾಡ್ತಿತ್ತು ಮಗಾ” ಎಂದು ಅಪ್ಪನ ಬಾಯಿಂದ ಕೇಳಿದ ಮಗು, ಅಂದು ರಾತ್ರಿ ಪುಸ್ತಕ ಹಿಡಿದು ಅವನ ಪಕ್ಕದಲ್ಲೇ ಬಂದು ಕೂರುತ್ತದೆ.